‘ಪರಿಭಾವಿತ ಸಮ್ಮತಿ’: ಯಾರೂ ನೋಡದ ಒಪ್ಪಿಗೆಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗಬಹುದು, ಬೇಸರ ಮಾಡ್ಕೋಬೇಡಿ.

ಕೊಪ್ಪಳದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಅರ್ಜಿ, ತಕರಾರು, ಕರಾರುಪತ್ರ ಎಲ್ಲ ಬರೆದುಕೊಡುತ್ತೇನೆ. ಹೋದ ವಾರ ಹತ್ತಿರದ ಒಂದು ಹಳ್ಳಿಯಿಂದ ನಾಲ್ಕೈದು ಜನ ಬಂದಿದ್ದರು. ಅವರ ಊರಿನ ಹಳ್ಳದ ದಂಡೆಗೆ ಹಳೇ ಪ್ಲಾಸ್ಟಿಕ್ ತೊಳೆದು, ಕರಗಿಸಿ, ಕಾಳು ಮಾಡುವ ಘಟಕ ಬರುತ್ತಿದೆಯಂತೆ. ತೊಳೆದ ನೀರು ಎಲ್ಲಿ ಬಿಡ್ತೀರಿ ಅಂತ ಕೇಳಿ ಇವರು ತಕರಾರು ಕೊಟ್ಟಿದ್ದರು. ಅದಕ್ಕೆ ಬಂದ ಉತ್ತರವನ್ನು ಮಡಿಚಿ ಮಡಿಚಿ ಜೇಬಲ್ಲಿಟ್ಟುಕೊಂಡು ತಂದಿದ್ದರು, ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಸರಿಯಾಗಿ ಆ ಮಡಿಕೆ ಮೇಲೇ ಈ ಪದ ಇತ್ತು: ‘ನಿಗದಿತ ಅವಧಿ ಮುಗಿದಿರುವುದರಿಂದ ಸದರಿ ಘಟಕಕ್ಕೆ ಪರಿಭಾವಿತ ಸಮ್ಮತಿ ದೊರೆತಿರುತ್ತದೆ.’

ಅವರಲ್ಲಿ ವಯಸ್ಸಾದ ಒಬ್ಬ ತಾಯಿ ಕೇಳಿದರು, “ಪರಿಭಾವಿತ ಅಂದ್ರೇನ್ರೀ ಅಣ್ಣಾರ?”

“ಒಪ್ಪಿಗಿ ಕೊಟ್ಟಂಗ ಅಂತ ತಿಳ್ಕೊಳ್ಳೋದು, ಯವ್ವಾ.”

“ಯಾರು ಕೊಟ್ಟಾರ?”

“ಯಾರೂ ಕೊಟ್ಟಿಲ್ಲ.”

“ಮತ್ತ ಹಳ್ಳ ಯಾರು ನೋಡ್ಯಾರ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಈ ಪದ ತಲೆಯಲ್ಲಿ ಕೂತಿದೆ.

ಮೂಲ ಇಂಗ್ಲಿಷಿನ ‘ಡೀಮ್ಡ್’. 1974ರ ಜಲ ಮಾಲಿನ್ಯ ಕಾಯ್ದೆಯ 25ನೇ ಕಲಮಿನಲ್ಲಿ ಒಂದು ಮಾತಿದೆ. ಅರ್ಜಿ ಹಾಕಿ 4 ತಿಂಗಳೊಳಗೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹೂಂ ಅಥವಾ ಊಹೂಂ ಅನ್ನದಿದ್ದರೆ ಸಮ್ಮತಿ ಕೊಟ್ಟಂತೆಯೇ ಲೆಕ್ಕ, ಅದೂ ಯಾವ ಷರತ್ತೂ ಇಲ್ಲದೆ. ಈ ಕೊನೆಯ ಮಾತನ್ನು ಗಮನಿಸಿ. ಅಧಿಕಾರಿ ಸ್ಥಳಕ್ಕೆ ಬಂದು ನೋಡಿ ಒಪ್ಪಿದ್ದರೆ ನೀರು ಇಷ್ಟು ಶುದ್ಧ ಮಾಡಿ ಬಿಡು, ತೊಟ್ಟಿ ಕಟ್ಟಿಸು ಅಂತ ಷರತ್ತು ಹಾಕುತ್ತಿದ್ದರು. ಬರದೇ ಹೋದರೆ ಷರತ್ತೂ ಹೋಯಿತು. 1981ರ ವಾಯು ಮಾಲಿನ್ಯ ಕಾಯ್ದೆಯಲ್ಲೂ 4 ತಿಂಗಳ ಗಡುವಿದೆ, ಆದರೆ ಅಲ್ಲಿ ಲಿಖಿತ ಆದೇಶ ಬೇಕು, ‘ಕೊಟ್ಟಂತೆ’ ಅನ್ನುವ ಮಾತಿಲ್ಲ. ಆ ತಾಯಿಯ ಹೊಸ ತಕರಾರಿನಲ್ಲಿ ಇದನ್ನೂ ಸೇರಿಸಿದೆ.

ಈಗ ಪದಕ್ಕೆ ಬರೋಣ. ‘ಪರಿಭಾವಿಸು’ ಹೊಸ ಪದ ಅಲ್ಲ. ಹಳೆಗನ್ನಡದಲ್ಲಿ, ವಚನಗಳಲ್ಲಿ ಇದಕ್ಕೆ ಚೆನ್ನಾಗಿ ಯೋಚಿಸು, ಎಲ್ಲ ಕಡೆಯಿಂದ ವಿಚಾರಮಾಡು ಅಂತ ಅರ್ಥ. ‘ಪರಿಭಾವಿಸಿ ನೋಡು’ ಅಂದರೆ ಕೂಲಂಕಷವಾಗಿ ನೋಡು ಅಂತ. ಹಾಗಾದರೆ ಪರಿಭಾವಿತ ಸಮ್ಮತಿ ಅಂದರೆ ಚೆನ್ನಾಗಿ ವಿಚಾರಮಾಡಿ ಕೊಟ್ಟ ಒಪ್ಪಿಗೆ ಅಂತಲೇ ಆಗಬೇಕಲ್ವಾ? ಆದರೆ ಯಾರೂ ವಿಚಾರಮಾಡದೆ ಸಿಕ್ಕಿದ್ದಕ್ಕೆ ಆ ಹೆಸರು ಇಟ್ಟಿದ್ದೇವೆ. ಕನ್ನಡ ಬಲ್ಲವರು ಪದ ನೋಡಿ ಮೋಸ ಹೋಗುತ್ತಾರೆ, ಬರದವರಿಗೆ ಏನೂ ತಿಳಿಯುವುದಿಲ್ಲ.

‘ಪರಿಭಾವಿತ ಅರಣ್ಯ’ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಅದು ನನಗೆ ಅಷ್ಟು ಚುಚ್ಚುವುದಿಲ್ಲ. ಅಲ್ಲಿ ಗಿಡಮರ ಕಣ್ಣೆದುರಿಗಿವೆ, ದಾಖಲೆಯಲ್ಲಿ ಮಾತ್ರ ಅರಣ್ಯ ಅಂತ ಇಲ್ಲ. ಇಲ್ಲಿ ಕಾಗದದ ಮೇಲೆ ಒಪ್ಪಿಗೆ ಇದೆ, ನೋಡಿದವರಿಲ್ಲ. ಎರಡಕ್ಕೂ ಒಂದೇ ಪದ ಹೇಗೆ ಸರಿಹೋಗುತ್ತದೆ?

‘ಮೌನ ಸಮ್ಮತಿ’ ಅನ್ನಬಹುದು ಅಂತ ನನ್ನ ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅನ್ನುವಾಗ ಎದುರಿಗೆ ಕೂತವರು ಮಾತು ಕೇಳಿಸಿಕೊಂಡಿದ್ದಾರೆ, ಮನಸ್ಸಲ್ಲಿ ಒಪ್ಪಿದ್ದಾರೆ ಅಂತ ಆಗುತ್ತದೆ. ಕಡತವನ್ನು ಬಿಚ್ಚದೇ ಇದ್ದವರ ಮೌನ ಬೇರೆ.

ನಮ್ಮ ಭಾಗದ ಜನ ಆಡುವ ಪದ ‘ಮಂಜೂರು’. ಸಾಲ ಮಂಜೂರಾತು, ಮನಿ ಮಂಜೂರಾತು. ರಾಯಚೂರು, ಕೊಪ್ಪಳ ನಿಜಾಮರ ಸೀಮೆಯಲ್ಲಿದ್ದವು, ಹಾಗಾಗಿ ಕಚೇರಿಯ ಇಂಥ ಪದಗಳು ನಮಗೆ ಉರ್ದುವಿನಿಂದ ಬಂದು ಮನೆಮಾತಾಗಿವೆ. ಮಂಜೂರ್ ಪದದ ಬೇರು ಅರಬ್ಬಿಯ ‘ನಜರ್’, ಅಂದರೆ ನೋಟ. ನಾವು ‘ಸ್ವಲ್ಪ ನದರು ಇಡ್ರಿ’ ಅಂತೀವಲ್ಲ, ಆ ನದರೂ ಅದೇ. ಮಂಜೂರು ಅಂದರೆ ಮೊದಲು ನೋಡಿದ್ದು, ಆಮೇಲೆ ಒಪ್ಪಿದ್ದು. ಇದು ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು. ಆ ತಾಯಿ ‘ಯಾರು ನೋಡ್ಯಾರ’ ಅಂತ ಕೇಳಿದ್ದು ಪದದ ಬೇರಿಗೇ ಕೈ ಹಾಕಿದ ಹಾಗಿತ್ತು.

ಇನ್ನೊಂದು ಪದ ‘ವಿಲೇವಾರಿ’. ಕಸವನ್ನೂ ವಿಲೇವಾರಿ ಮಾಡುತ್ತೇವೆ, ಅರ್ಜಿಯನ್ನೂ ವಿಲೇವಾರಿ ಮಾಡುತ್ತೇವೆ. ಮರಾಠಿಯಲ್ಲಿ ಕಸದ ವಿಷಯಕ್ಕೆ ‘ವಿಲ್ಹೇವಾಟ್’ ಅನ್ನುತ್ತಾರೆ, ನಮ್ಮ ಪದ ಅದರ ನೆಂಟ. ‘ತ್ಯಾಜ್ಯ ಘಟಕಗಳ ಅರ್ಜಿಗಳ ತ್ವರಿತ ವಿಲೇವಾರಿ’ ಅಂತ ಟೈಪ್ ಮಾಡುವಾಗ ಪ್ರತಿ ಸಲ ಕೈ ನಿಲ್ಲುತ್ತದೆ. ಅರ್ಜಿಗೆ ‘ಇತ್ಯರ್ಥ’ ಅಂತ ಬರೆದರೆ ಚೆನ್ನಾಗಿರುತ್ತೆ ಅನ್ನಿಸುತ್ತದೆ, ಅದರಲ್ಲಿ ತೀರ್ಮಾನ ಮಾಡಿದ ಅರ್ಥ ಇದೆ. ಕಸಕ್ಕೆ ವಿಲೇವಾರಿ ಇರಲಿ.

ಬೇಗ ಒಪ್ಪಿಗೆ ಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ಲಾಸ್ಟಿಕ್ ತಗೊಂಡು ಕೆಲಸಕ್ಕೆ ತರುವ ಘಟಕ ಬೇಕೇ ಬೇಕು. ಇವತ್ತು ಅದೇ ಹಳ್ಳದ ದಂಡೆಯಲ್ಲಿ ಸಂಜೆಯಾದರೆ ಚೀಲಗಟ್ಟಲೆ ಸುಡುತ್ತಾರೆ, ಬೆಳಗ್ಗೆ ಕಪ್ಪಗೆ ಕರಗಿ ಗಟ್ಟಿಯಾದ ಮುದ್ದೆ ಕಲ್ಲಿಗೆ ಅಂಟಿಕೊಂಡಿರುತ್ತದೆ, ಎಮ್ಮೆ ಅಲ್ಲೇ ನೀರು ಕುಡಿಯುತ್ತದೆ. ಅರ್ಜಿ ವರ್ಷಗಟ್ಟಲೆ ಕೊಳೆತರೆ ನಷ್ಟ ಊರಿಗೇ. ನಿಜವಾಗಿ ನೋಡುವ ಅಗತ್ಯ ಕಡಿಮೆ ಇದ್ದರೆ ಹಾಗೆಂದೇ ಹೇಳಬಹುದು. 2016ರಲ್ಲಿ ಕೈಗಾರಿಕೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿದರು, ಮಾಲಿನ್ಯ ಬಹಳ ಕಡಿಮೆ ಇರುವ ಬಿಳಿ ಗುಂಪಿನವರು ಮಂಡಳಿಗೆ ಮಾಹಿತಿ ಕೊಟ್ಟರೆ ಸಾಕು. ಅದನ್ನು ಯಾರೂ ಸಮ್ಮತಿ ಅಂತ ಕರೆಯುವುದಿಲ್ಲ, ಮಾಹಿತಿ ಅಂತಲೇ ಕರೆಯುತ್ತಾರೆ. ಆ ಪದ ಸುಳ್ಳು ಹೇಳುವುದಿಲ್ಲ.

ನಾನು ಸದ್ಯಕ್ಕೆ ‘ಗಡುವು ಮೀರಿ ಸಿಕ್ಕ ಒಪ್ಪಿಗೆ’ ಅಂತ ಬರೆಯುತ್ತಿದ್ದೇನೆ. ಉದ್ದ ಆಯಿತು, ಗೊತ್ತು. ‘ಗಡುವೊಪ್ಪಿಗೆ’ ಅಂತ ಕೂಡಿಸಿದರೆ ಕಿವಿಗೆ ಹಿಡಿಸುತ್ತಾ? ಹೇಗೆ ಸಿಕ್ಕಿತು ಅನ್ನುವುದು ಅದರಲ್ಲಿ ಕಾಣುತ್ತದೆ, ಕಾಲ ಕಳೆದದ್ದರಿಂದ ಅಂತ.

ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ. ನೀವು 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದಿರಿ, ನಿಮ್ಮ ಕಚೇರಿಗಳ ಹಳೇ ಕಾಗದಗಳಲ್ಲಿ ಇಂಥ ಒಪ್ಪಿಗೆಗೆ ಬೇರೆ ಪದ ಇತ್ತೇ? ಹಿರಿಯರು ಮಾತಲ್ಲಿ ಏನಂತಿದ್ದರು? ಮುಂದಿನ ಗ್ರಾಮಸಭೆಯಲ್ಲಿ ಆ ತಾಯಿ ಈ ವಿಷಯ ಎತ್ತುತ್ತಾರಂತೆ, ಅಷ್ಟರೊಳಗೆ ಅವರು ಬಾಯಿ ತುಂಬ ಹೇಳಬಲ್ಲ ಒಂದು ಪದ ಸಿಕ್ಕರೆ ಕಾಗದದಲ್ಲಿ ಟೈಪ್ ಮಾಡಿ ಕೊಡುತ್ತೇನೆ.