ಪೈಲಟ್ 'ಒಲ್ಲೆ' ಅಂದ ದಿನ

ಮನಿ ಮಂದಿ ಗುಂಪು, ಕಲಬುರಗಿ

ಯಾದಗಿರಿ ಸೋದರಮಾವ: (ವಿಡಿಯೊ ಫಾರ್ವರ್ಡ್) ಕೊನೀ ಗಳಿಗ್ಯಾಗ ಪೈಲಟ್ 'ನಾ ಹಾರ್ಸಂಗಿಲ್ಲ' ಅಂದನಂತ. ಮಂದಿ ಹೆಂಗ ತರಾಟೆಗೆ ತಗೊಂಡಾರ ನೋಡ್ರಿ. ಇಂಜಿನಿಯರ್ ಸರಿ ಅದ ಅಂತ ಸಹಿ ಹಾಕಿದ್ಮ್ಯಾಲೂ ಇವಂದೇನು ಹಟ?

ಅಣ್ಣ: ಸರಿಯಾಗೇ ಕೇಳ್ಯಾರ. ನನ್ನ ಕಥಿ ನಿಮಗ ಗೊತ್ತದ. ಬೆಂಗಳೂರಾಗ ರನ್‌ವೇ ತನಕ ಹೋಗಿ ವಿಮಾನ ಹೊಳ್ಳಿ ಬಂತು. 'ತಾಂತ್ರಿಕ ಕಾರಣ' ಅಂದು ಮೂರು ತಾಸು ಕೂಡ್ಸಿದ್ರು. ನಮ್ಮಾಕಿ ಅಪ್ಪನ ಮಣ್ಣಿಗೆ ನಾ ಮುಟ್ಟಲಿಲ್ಲ.

ನಾನು: ಅಣ್ಣ, ಅವತ್ತು ನಾ ಆ ಮನಿ ಬಾಗಿಲದಾಗೇ ನಿನ್ನ ದಾರಿ ಕಾಯ್ಕೋತ ನಿಂತಿದ್ದೆ. ವೈನಿ ಎಷ್ಟು ಸಲ ಹೊರಗ ಬಂದು ನೋಡಿದ್ಲು ನನಗ ಗೊತ್ತದ. ಆದ್ರೂ ಹೇಳ್ತೀನಿ, ಹೊಳ್ಳಿ ತಂದ ಆ ಪೈಲಟ್‌ಗ ನಾ ಕೈ ಮುಗೀತೀನಿ.

ಸೋದರಮಾವ: ಅಂವೇನು ದೇವ್ರಾ? ಪೈಲಟ್‌ಗಳೂ ತಪ್ತಾರ.

ನಾನು: ತಪ್ತಾರ, ಖರೆ. 1983ರ ಜುಲೈ 23ಕ್ಕ ಏರ್ ಕೆನಡಾದ ಬೋಯಿಂಗ್ 767ರಾಗ ಇಂಧನ ಮಾಪಕ ಕೆಟ್ಟಿತ್ತು. ಮಾಪಕ ಇಲ್ಲದೆ ಹಾರಬಾರದು ಅಂತ ನಿಯಮ ಇತ್ತು. ಆದ್ರೂ ಕ್ಯಾಪ್ಟನ್ ಒಪ್ಪಿಕೊಂಡ. ಟ್ಯಾಂಕಿನಾಗ ಕಡ್ಡಿಲೆ ಅಳದು ಲೆಕ್ಕ ಹಾಕಿದ್ರು, ಆ ಲೆಕ್ಕದಾಗ ಕಿಲೋ ಇರೋ ಕಡಿ ಪೌಂಡ್ ಬಂತು. ಬೇಕಾದ್ದರ ಅರ್ಧಾನೂ ಇಂಧನ ಇರಲಿಲ್ಲ. ಆಕಾಶದಾಗೇ ಎರಡೂ ಇಂಜಿನ್ ಬಂದ್ ಆದ್ವು. ಅದೇ ಕ್ಯಾಪ್ಟನ್ ಗ್ಲೈಡರ್, ಅಂದ್ರ ಇಂಜಿನ್ ಇಲ್ಲದ ವಿಮಾನ, ಹಾರ್ಸಿ ಪಳಗಿದವ. ಗಿಮ್ಲಿ ಅನ್ನೋ ಹಳೇ ವಾಯುನೆಲಿಗೆ ತೇಲಿಸಿಕೊಂಡು ಬಂದು ಇಳಿಸಿದ. 69 ಮಂದಿನೂ ಉಳದ್ರು.

ನಾನು: ಹಿಂಗಾಗಿ ಪೈಲಟ್ 'ಹೋಗೂಣು' ಅಂದ್ರ ಅದಕ್ಕ ಪುಸ್ತಕದ ಆಧಾರ ಬೇಕು. ಯಾವ್ಯಾವ ಸಾಮಾನು ಕೆಟ್ಟಿದ್ರ ಹಾರಬಹುದು, ಎಷ್ಟು ದಿನದಾಗ ರಿಪೇರಿ ಆಗ್ಬೇಕು ಅಂತ ಪಟ್ಟಿನೇ ಇರ್ತದ, ಎಂಇಎಲ್ ಅಂತಾರ. ಆದ್ರ 'ಒಲ್ಲೆ' ಅಂದ್ರ ಮಾತು ಅಲ್ಲಿಗೇ ಮುಗೀಬೇಕು. ಪಟ್ಟಿ ಪ್ರಕಾರ ಹಾರಬಹುದು ಅಂತಿದ್ರೂ ಅವತ್ತಿನ ಮಳಿ, ಕತ್ತಲ, ಇಳಿಯೋ ರನ್‌ವೇ ನೋಡಿ ಅಂವ ಬ್ಯಾಡ ಅನ್ನಬಹುದು. ಆ 'ಒಲ್ಲೆ' ತಪ್ಪಾಗಿದ್ರ ನಾಲ್ಕು ತಾಸು ಹೋಗ್ತಾವ, ಅಷ್ಟ.

ಅಣ್ಣ: ಅಷ್ಟ ಅನ್ನಬ್ಯಾಡ.

ನಾನು: ತಪ್ಪಾತು ಅಣ್ಣ. ನಿಂದು ಅಷ್ಟ ಅಲ್ಲ.

ಸಣ್ಣ ಕಾಕಾ: ಮೂವತ್ತು ವರ್ಷ ಬಸ್ ರಿಪೇರಿ ಮಾಡ್ದವ್ನ ಮಾತೂ ಕೇಳ್ರಿ. ಡ್ರೈವರ್ 'ಬ್ರೇಕ್ ಎಡಕ್ಕ ಎಳೀತದ' ಅಂತ ಬರ್ದಿರ್ತಿದ್ದ. ಖಾಲಿ ಗಾಡಿ ಓಡ್ಸಿ ನೋಡಿದ್ರ ನನಗ ಏನೂ ಸಿಗ್ತಿರಲಿಲ್ಲ. ಮಂದಿ ತುಂಬಿ ಇಳಕಲಿಗೆ ಬಿಟ್ಟಾಗ ಅದು ಎಳೀತಿತ್ತು. ಸಹಿ ನಂದು, ಆದ್ರ ಸ್ಟಿಯರಿಂಗ್ ಹಿಡದ ಕೈಗೆ ತಿಳಿಯೋದು ನನ್ನ ಪಾನಾಕ್ಕ ತಿಳಿಯಂಗಿಲ್ಲ. ಹಂಗೇ, ಗಾಡಿ ಹೊಟ್ಟಿ ಒಳಗಿನ ಸವಕಲು ಸೀಟಿನ ಮ್ಯಾಲೆ ಕೂತವಗೂ ಕಾಣಂಗಿಲ್ಲ.

ಪುಟ್ಟಿ: ಕಾಕಾ, ಅಲಾಸ್ಕಾ ಏರ್‌ಲೈನ್ಸ್‌ನ 261ನೇ ನಂಬರ್ ವಿಮಾನದಾಗ ಅದೇ ಆಗಿದ್ದು. 2000ದ ಜನವರಿ 31. ಬಾಲದ ಸ್ಟೆಬಿಲೈಸರ್ (ವಿಮಾನದ ಮೂತಿ ಮ್ಯಾಲೆ-ಕೆಳಗ ಮಾಡೋ ಸಣ್ಣ ರೆಕ್ಕಿ) ಏರಿಳಿಸೋ ದೊಡ್ಡ ಸ್ಕ್ರೂಗೆ ಗ್ರೀಸ್ ಸಾಲದೆ ನಟ್‌ನ ಥ್ರೆಡ್ ಸವದಿತ್ತು. ಪೈಲಟ್‌ಗಳಿಗೆ ಗೊತ್ತಾಗಿದ್ದು ಅದು ಬಿಗದು ಕೂತದ ಅಂತಷ್ಟ. ಕಂಪನಿ ಮಂದಿ ಸ್ಯಾನ್ ಫ್ರಾನ್ಸಿಸ್ಕೋಕ್ಕೇ ಹೋದ್ರ ಚೊಲೊ ಅಂದ್ರು, ಕ್ಯಾಪ್ಟನ್ ಲಾಸ್ ಏಂಜಲೀಸ್‌ನಾಗ ಇಳಿಸ್ತೀನಿ ಅಂದ. ಮುಟ್ಟಲಿಲ್ಲ. 88 ಮಂದಿ.

ಸೋದರಮಾವ: ಹಂಗಾದ್ರ ಅಂವನ ನಿರ್ಧಾರದಿಂದ ಏನುಪಯೋಗ ಆತು?

ನಾನು: ಮಾವ, ಮ್ಯಾಲೆ ಹೋದ್ಮ್ಯಾಲೆ ದಾರಿ ಕಡಿಮಿ ಇರ್ತಾವ. ನೆಲದ ಮ್ಯಾಲೆ ಇದ್ದಾಗ ಅನ್ನೋ 'ಒಲ್ಲೆ'ಗೆ ಅದಕ್ಕೇ ಇಷ್ಟು ಬೆಲಿ. ಈ ವಿಡಿಯೊದಾಗ ಮಂದಿ ಒದರಾಡೋದು ನೋಡಿದ್ರ ನನಗ ಹೊಟ್ಯಾಗ ಕಲಸಿದಂಗ ಆಗ್ತದ. ನಾಳೆ ಇನ್ನೊಬ್ಬ ಪೈಲಟ್‌ಗ ಅನುಮಾನ ಬಂದಾಗ ಈ ಬೈಗುಳ ನೆನಪಾಗಿ ಸುಮ್ನ ಹಾರ್ಸಿಬಿಟ್ರ? ಆ ವಿಮಾನದಾಗ ನಮ್ಮ ಪುಟ್ಟಿ ಇದ್ರ?

ಅಣ್ಣ: ಅವತ್ತು ಇಳಿಯೋವಾಗ ಆ ಪೈಲಟ್ ಬಾಗಿಲ ಹತ್ರ ನಿಂತಿದ್ದ, ಸಣ್ಣ ಹುಡುಗ. ನಾ ಅಂವನ ಮುಖ ಸುದ್ದಾ ನೋಡ್ದೆ ಬಂದೆ. ಸಿಟ್ಟು ಇನ್ನೂ ಅದ ತಂಗಿ. ಮೂರು ತಾಸಿನಾಗ ಒಬ್ಬರರೆ ಬಂದು 'ಇಂಥಾದ್ದು ಕೆಟ್ಟದ, ಇವತ್ತು ಆಗಂಗಿಲ್ಲ' ಅಂದಿದ್ರ ಮೊದಲನೇ ತಾಸಿನಾಗೇ ಕಾರು ಹಿಡೀತಿದ್ದೆ.