ಅಪ್‌ಡೇಟ್: ಕೊನೆಗೂ ಕಿವಿ ಆಪರೇಷನ್ ಮಾಡಿಸ್ಕೊಂಡೆ
ಓಟೋಸ್ಕ್ಲೆರೋಸಿಸ್‌ಗೆ (ಕಿವಿಯೊಳಗಿನ ಪುಟ್ಟ ಮೂಳೆ ಅಂಟ್ಕೊಂಡು ಕಿವಿ ಮಂದವಾಗೋ ಕಾಯಿಲೆ) ಆಪರೇಷನ್ ಮಾಡಿಸ್ಲಾ, ಹಿಯರಿಂಗ್ ಏಡ್‌ನಲ್ಲೇ ಕಾಲ ತಳ್ಳಲಾ ಅಂತ ಹಿಂದೆ ಕೇಳಿದ್ದೆ, ಈಗ ಎಡಗಿವಿಗೆ ಸ್ಟೆಪಿಡಾಟಮಿ ಅನ್ನೋ ಆಪರೇಷನ್ ಆಗಿ 4 ವಾರ ಆಯ್ತು. ಜಾಸ್ತಿ ಹಾಳಾಗಿರೋ ಕಿವಿಗೇ ಮೊದ್ಲು ಮಾಡ್ತಾರಂತೆ, ಯಾಕಂದ್ರೆ ನೂರರಲ್ಲಿ ಸುಮಾರು ಒಬ್ರಿಗೆ ಅಷ್ಟಿಷ್ಟು ಕೇಳಿಸ್ತಿರೋದೂ ಹೋಗ್ಬಿಡೋ ರಿಸ್ಕ್ ಇದೆ. ಅಲ್ಲಾಡದೆ ಅಂಟ್ಕೊಂಡಿರೋ ಸ್ಟೇಪಿಸ್ ಮೂಳೆ ತಳದಲ್ಲಿ 1 ಮಿಲಿಮೀಟರ್‌ಗಿಂತ ಚಿಕ್ಕ ತೂತು ಮಾಡಿ, ಅದರೊಳಗೆ ಪುಟಾಣಿ ಪಿಸ್ಟನ್ ಇಳಿಸಿ, ಇನ್ನೊಂದು ತುದೀನ ಪಕ್ಕದ ಮೂಳೆಗೆ ಸಿಗಿಸ್ತಾರೆ, ಅಷ್ಟೇ.

ಮೊದಲ ಮೂರು ದಿನ ತಲೆ ತಿರುಗಿ ತಿರುಗಿ ಸಾಕಾಯ್ತು, ಗೋಡೆ ಹಿಡ್ಕೊಂಡೇ ಬಾತ್‌ರೂಮಿಗೆ ಹೋಗ್ತಿದ್ದೆ. ಆದ್ರೆ ಕಿವಿಗೆ ತುಂಬಿದ್ದ ಪ್ಯಾಕಿಂಗ್ ತೆಗೆದ ದಿನ ನಲ್ಲಿ ನೀರು ಮಳೆ ಹುಯ್ದಂಗೆ ಕೇಳಿಸ್ತು, ನನ್ನ ಚಪ್ಪಲಿ ಸದ್ದಿಗೆ ನಾನೇ ತಿರುಗಿ ನೋಡಿದೆ! ಆಡಿಯೋಗ್ರಾಮಲ್ಲಿ (ಕಿವಿ ಟೆಸ್ಟ್ ರಿಪೋರ್ಟ್) ಏರ್-ಬೋನ್ ಗ್ಯಾಪ್, ಅಂದ್ರೆ ಗಾಳಿ ಮೂಲಕ ಕೇಳೋದಕ್ಕೂ ಮೂಳೆ ಮೂಲಕ ಕೇಳೋದಕ್ಕೂ ಇರೋ ವ್ಯತ್ಯಾಸ (ಕಮ್ಮಿ ಇದ್ದಷ್ಟೂ ಒಳ್ಳೇದು), 35 ಡೆಸಿಬಲ್ ಇದ್ದಿದ್ದು 10ಕ್ಕೆ ಇಳಿದಿದೆ.

ನಾಲಿಗೆಯ ಎಡಭಾಗದಲ್ಲಿ ಮಾತ್ರ ಇನ್ನೂ ತಾಮ್ರ ನೆಕ್ಕಿದಂಗೆ ರುಚಿ, ರುಚಿ ನರ ಕಿವಿ ಒಳಗಿಂದಾನೇ ಹಾದು ಹೋಗುತ್ತಂತೆ (ಯಾರು ಪ್ಲಾನ್ ಮಾಡಿದ್ರೋ), ಕೆಲವು ತಿಂಗಳಲ್ಲಿ ಸರಿಹೋಗುತ್ತೆ ಅಂದ್ರು. ಕಿವೀಲಿ ಗುಂಯ್ ಅನ್ನೋದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಮೂಗು ಜೋರಾಗಿ ಸೀಟೋದು, ಭಾರ ಎತ್ತೋದು, ವಿಮಾನ ಸದ್ಯಕ್ಕೆ ಬೇಡ, ಸೀನು ಬಂದ್ರೂ ಬಾಯಿ ತೆರ್ಕೊಂಡೇ ಸೀನ್ಬೇಕು. ಬಲಗಿವಿ ವಿಷ್ಯ ಇನ್ನಾರು ತಿಂಗಳಾದ್ಮೇಲೆ ನೋಡೋಣ ಅಂದಿದಾರೆ.