ಸ್ಪೀಚ್ ಥೆರಪಿಸ್ಟ್ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ

ಕೇಳಿದವರು, ದಾವಣಗೆರೆ: ನನ್ನದು ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್. ಮಾತು ತಡವಾದ ಮಕ್ಕಳನ್ನು ಕರೆತರುವವರು ಜಾಸ್ತಿಯಾದರು ಅಂತ ಸ್ಪೀಚ್ ಥೆರಪಿಯನ್ನೂ ಶುರು ಮಾಡಿದೆ. ಒಂದೂವರೆ ವರ್ಷದಲ್ಲಿ ಇಬ್ಬರು ಬಂದು ಹೋದರು. ಈಗ ಜಾಹೀರಾತು ಹಾಕಿದರೆ ಒಂದು ಫೋನೂ ಇಲ್ಲ. ಸಂಬಳ ಏರಿಸುವುದೊಂದೇ ದಾರಿಯಾ?

ಕ್ಲಿನಿಕ್ ನಡೆಸುವವರು, ಶಿವಮೊಗ್ಗ: ಸಂಬಳ ಬೇಡ ಅನ್ನುವವರು ಯಾರಿದ್ದಾರೆ ಹೇಳಿ. ಆದರೆ ನನ್ನಲ್ಲಿ ಮೊದಲು ಬಂದ ಹುಡುಗಿ ಸಂಬಳಕ್ಕಾಗಿ ಬಿಟ್ಟಿದ್ದಲ್ಲ. ಆಗಷ್ಟೇ ಬಿಎಎಸ್‌ಎಲ್‌ಪಿ (ಕೇಳುವಿಕೆ ಮತ್ತು ಮಾತಿನ ಚಿಕಿತ್ಸೆಯ ಪದವಿ) ಮುಗಿಸಿದ್ದಳು. ದಿನಕ್ಕೆ 11 ಮಕ್ಕಳನ್ನು ಹಾಕಿದೆ, ಒಬ್ಬರಿಗೆ 40 ನಿಮಿಷ. ರಿಪೋರ್ಟ್ ಬರೆಯುವುದು ಮನೆಗೆ ಹೋಗಿ. ಕ್ಲಿನಿಕ್ ತುಂಬಿದೆ ಅಂತ ನಾನು ಖುಷಿಯಲ್ಲಿದ್ದೆ. ನಾಲ್ಕನೇ ತಿಂಗಳು ರಾಜೀನಾಮೆ. ಹೋಗುವಾಗ, "ಸರ್, ನಾನು ಮಾಡುತ್ತಿರುವುದು ಸರಿಯಾ ತಪ್ಪಾ ಅಂತ ಕೇಳೋಕೆ ಇಲ್ಲಿ ಯಾರೂ ಇಲ್ಲ" ಅಂದಳು. ನಾನು ಫಿಸಿಯೋ. ನನಗೆ ಏನು ಗೊತ್ತು ಅವಳ ಕೆಲಸ?

ಈಗ ಮೈಸೂರಿನ ಒಬ್ಬ ಸೀನಿಯರ್ ವಾರಕ್ಕೆ 2 ಗಂಟೆ ಆನ್‌ಲೈನ್‌ನಲ್ಲಿ ಕೇಸ್ ನೋಡುತ್ತಾರೆ. ದಿನಕ್ಕೆ ಏಳೇ ಮಕ್ಕಳು, ರಿಪೋರ್ಟಿಗೆ ಬೇರೆ ಒಂದು ಗಂಟೆ. ಬರೀ ಫೀಸಿನ ಪರ್ಸೆಂಟೇಜ್ ಲೆಕ್ಕ ಬಿಟ್ಟು, ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ಕೊಟ್ಟೆ. ಮಕ್ಕಳು ಹುಷಾರಿಲ್ಲದೆ ಬರದಿದ್ದರೆ ಅವರ ಜೇಬಿಗೆ ಯಾಕೆ ಕತ್ತರಿ, ಅಲ್ವಾ? ಮುಂದೆ ಬಂದವಳು ಎರಡು ವರ್ಷ ಇದ್ದಳು. ಸ್ನಾತಕೋತ್ತರ ಸೀಟು ಸಿಕ್ಕಿತು, ಹೋದಳು. ಅದಕ್ಕೆ ಬೇಜಾರಿಲ್ಲ.

ಜಾಹೀರಾತು ಸುಮ್ನೆ ದಂಡ. ಬಿಎಎಸ್‌ಎಲ್‌ಪಿ 4 ವರ್ಷದ ಕೋರ್ಸ್, ಕೊನೆಯದು ಇಂಟರ್ನ್‌ಶಿಪ್. ಆಗಲೇ ಮಾತಾಡಿಸಬೇಕು. ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ), ಮಂಗಳೂರು, ಬೆಂಗಳೂರಿನ ಕಾಲೇಜುಗಳ ಮೇಷ್ಟ್ರುಗಳಿಗೆ ಫೋನ್ ಮಾಡಿ.

ಇನ್ನೊಬ್ಬರು, ಹುಬ್ಬಳ್ಳಿ: ಅವಸರದಲ್ಲಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನೋಡುವುದು ಮರೆಯಬೇಡಿ. ಸಿಆರ್‌ಆರ್ ನಂಬರ್, ಅಂದರೆ ಆ ನೋಂದಣಿ ಸಂಖ್ಯೆ, ಇದೆಯಾ, ಅವಧಿ ಮುಗಿದಿದೆಯಾ, ಎರಡೂ. ಫಿಸಿಯೋಗಳಿಗೆ ಇದು ಇಲ್ಲದ ಕಾರಣ ನಮ್ಮವರಿಗೆ ಹೊಳೆಯುವುದೇ ಇಲ್ಲ. ಒಂದು ವರ್ಷದ ಡಿಎಚ್‌ಎಲ್‌ಎಸ್ (ಶ್ರವಣ, ಭಾಷೆ, ಮಾತಿನ) ಡಿಪ್ಲೊಮಾ ಮಾಡಿದವರನ್ನು ಪೂರ್ತಿ ಥೆರಪಿಸ್ಟ್ ಅಂತ ಬೋರ್ಡಿನಲ್ಲಿ ಬರೆಯಬೇಡಿ.

ಸ್ಪೀಚ್ ಥೆರಪಿಸ್ಟ್, ಬೆಂಗಳೂರು: ಬಿಟ್ಟು ಬಂದವರ ಕಡೆಯಿಂದ ನಾನು ಹೇಳುತ್ತೇನೆ. ಹಳೆಯ ಕ್ಲಿನಿಕ್‌ನಲ್ಲಿ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದರು, ಬಾಂಡ್ ಅಂತೆ. ಅವತ್ತೇ ಹೊರಡುವುದು ಅಂತ ಮನಸ್ಸು ಮಾಡಿದೆ. ನನ್ನ ರೂಮಿಗೂ ವ್ಯಾಯಾಮದ ಹಾಲಿಗೂ ನಡುವೆ ಪ್ಲೈವುಡ್ ಗೋಡೆ. ನಾನು "ಪ" ಹೇಳಿಸುವಾಗ ಪಕ್ಕದಲ್ಲಿ ಡಂಬೆಲ್ ಬೀಳುತ್ತಿತ್ತು! ಮಗು ಆ ಕಡೆಯೇ ನೋಡುತ್ತಿತ್ತು.

ಭಾಷೆಯನ್ನೂ ಕೇಳಿ ಸೇರಿಸಿಕೊಳ್ಳಿ. ಕೇರಳದಿಂದ ಬಂದ ಒಳ್ಳೆಯ ಥೆರಪಿಸ್ಟ್‌ಗಳಿದ್ದಾರೆ, ಆದರೆ ಮನೆಯಲ್ಲಿ ಅಜ್ಜಿ ಆಡುವ ಕನ್ನಡ ಗೊತ್ತಿಲ್ಲದೆ ಮಗುವಿಗೆ ಮಾತು ಕಲಿಸುವುದು ಕಷ್ಟ. ಕಲಿಯುವ ಆಸೆ ಇದ್ದರೆ ಮೊದಲ ಎರಡು ತಿಂಗಳು ಮಕ್ಕಳ ಸಂಖ್ಯೆ ಕಡಿಮೆ ಇಡಿ. ಉಳಿದುಕೊಳ್ಳಲು ಪೇಯಿಂಗ್ ಗೆಸ್ಟ್ ಹುಡುಕಿಕೊಡಿ. ಇಂಥ ಊರಿನಲ್ಲಿ ಒಂಟಿ ಹುಡುಗಿಗೆ ಮನೆ ಸಿಗುವುದು ಎಷ್ಟು ಕಷ್ಟ ಗೊತ್ತಾ?

ದಾವಣಗೆರೆಯವರು: ನನ್ನದೂ ಪ್ಲೈವುಡ್ ಗೋಡೆಯೇ. ಶಿವಮೊಗ್ಗದ ಸರ್, ಆ ಸೀನಿಯರ್‌ಗೆ ಎಷ್ಟು ಕೊಡುತ್ತೀರಿ?

ಶಿವಮೊಗ್ಗದವರು: ಗಂಟೆಗೆ ಎರಡು ಸೆಷನ್‌ನ ಫೀಸಿನಷ್ಟು. ವಾರಕ್ಕೆ ನಾಲ್ಕು ಸೆಷನ್ ದುಡ್ಡು ಹೋಯಿತು ಅಂದುಕೊಳ್ಳಿ. ಥೆರಪಿಸ್ಟ್ ಇಲ್ಲದೆ ಮೂರು ತಿಂಗಳು ರೂಮಿಗೆ ಬೀಗ ಹಾಕಿದ್ದೆ, ಆ ಬಾಡಿಗೆಯೇ ಇದಕ್ಕಿಂತ ಜಾಸ್ತಿ ಇತ್ತು.